ಹೊಗೆಸೊಪ್ಪಿನ ಮನೆಯ ಪಾಯಸ

ಪಂಚೇಂದ್ರಿಯಗಳಲ್ಲಿ ಮೂಗಿಗೆ ಸಲ್ಲಬೇಕಾದ ಗೌರವ ಯಾವ ಕಾಲದಲ್ಲೂ ಸಂದಿಲ್ಲ. ಕಣ್ಣನ್ನು ಹೊಗಳಿದವರಿಗೆ ಲೆಕ್ಕವಿಲ್ಲ. ನಾಲಿಗೆಯನ್ನು ಬೈಯುವ ನೆಪದಲ್ಲಾದರೂ ನೆನೆಯುತ್ತಾರೆ. ಮೂಗು ಮಾತ್ರ ಮುಖದ ನಟ್ಟನಡುವೆ, ಎಲ್ಲರಿಗಿಂತ ಮುಂದೆ ನಿಂತು, ಹಳಸಿದ್ದರಿಂದಲೂ ಕಮಟಿದ್ದರಿಂದಲೂ ಮನುಕುಲವನ್ನು ಕಾಪಾಡುತ್ತಾ, ಪ್ರತಿಫಲ ಬಯಸದೆ ತನ್ನ ಕರ್ತವ್ಯ ಮಾಡಿಕೊಂಡು ಬಂದಿದೆ. ಮೂಗುಬೊಟ್ಟು ಇಡುವುದಿಲ್ಲವೇ ಎಂದು ನೀವು ಕೇಳಬಹುದು. ಅದು ಸನ್ಮಾನವಲ್ಲ, ತೂತು. ಈ ಗಂಭೀರ ಸತ್ಯವೆಲ್ಲ ನನಗೆ ಹೊಳೆದದ್ದು ಮೊನ್ನೆ ಅಕ್ಕಿ ಡಬ್ಬದೊಳಗೆ ತಲೆ ಹಾಕಿ ಒಂದೇ ಸಮನೆ ನಾಲ್ಕು ಸಲ ಸೀನಿದಾಗ.

ಡಬ್ಬದ ತಳದಲ್ಲಿ ಒಂದು ಹಿಡಿ ಒಣಮೆಣಸಿನಕಾಯಿ ಇತ್ತು. ಸೊಸೆ ಹಾಕಿಟ್ಟದ್ದು. “ಹುಳ ಬೀಳದೇ ಇರಲಿ ಅಂತ ಅತ್ತೆ” ಎಂದಳು. ತಪ್ಪೇನಿಲ್ಲ. ಅಕ್ಕಿಯನ್ನು ಹುಳದಿಂದ ಕಾಪಾಡುವ ವಿಷಯದಲ್ಲಿ ಒಂದೊಂದು ಮನೆಯದು ಒಂದೊಂದು ಮತ. ಬೇವಿನ ಸೊಪ್ಪಿನವರಿದ್ದಾರೆ, ಬೂದಿಯವರಿದ್ದಾರೆ, ಹರಳೆಣ್ಣೆ ಸವರುವವರಿದ್ದಾರೆ. ಒಬ್ಬರ ಮತ ಇನ್ನೊಬ್ಬರಿಗೆ ಹಿಡಿಸದು. ಆದರೆ ನನ್ನ ಮಾವನವರು ಒಂದು ಸಲ ಹಾಕಿದ್ದನ್ನು ಬೇರೆ ಯಾರಾದರೂ ಹಾಕಿದ್ದಾರೆಯೋ ನಾನರಿಯೆ. ಅದರಿಂದ ಒಂದು ಪಾತ್ರೆ ಪಾಯಸಕ್ಕೂ ಎರಡು ಮನೆಗಳ ಮಾನಕ್ಕೂ ಒದಗಿದ್ದ ಗಂಡಾಂತರವನ್ನು ತಪ್ಪಿಸಿದ್ದು ನನ್ನ ಈ ಮೂಗು. ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಈ ವಯಸ್ಸಿನಲ್ಲಿ ವಿನಯ ನಟಿಸಲು ನನಗೆ ಪುರುಸೊತ್ತಿಲ್ಲ.

ನನ್ನ ಮೂಗು ಉದ್ದ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ; ಮುಚ್ಚಿಡಲು ಬರುವಂಥದ್ದೂ ಅಲ್ಲ. ಮೊದಲ ಸಲ ನನ್ನನ್ನು ನೋಡಲು ಬಂದ ಗಂಡಿನ ಕಡೆಯ ಮುದುಕಿಯೊಬ್ಬಳು ಉಪ್ಪಿಟ್ಟು ತಿನ್ನುತ್ತಾ, “ಉಡುಗಿ ಲಕ್ಸಣವಾಗವಳೆ. ಆದ್ರೆ ಒಳೀಕೆ ಬರೋವಾಗ ಮೂಗು ಮೊದ್ಲು ಬಂತು, ಉಡುಗಿ ಆಮ್ಯಾಕೆ ಬಂದ್ಲು” ಎಂದಿದ್ದಳು. ಆ ಸಂಬಂಧ ಕೂಡಿಬರಲಿಲ್ಲ. ಉಪ್ಪಿಟ್ಟು ಖಾಲಿಯಾಯಿತು.

ನನ್ನ ತವರು ಕೃಷ್ಣರಾಜನಗರದ ಕಡೆ. ನಮ್ಮ ಕಾಲದ ಮುದುಕರು ಇನ್ನೂ ಎಡತೊರೆ ಎಂದೇ ಅನ್ನುತ್ತಿದ್ದರು. ಕಾಲುವೆ ಬಯಲು, ಕಣ್ಣು ಹಾಯಿಸಿದಷ್ಟೂ ಗದ್ದೆ. ನಾನು ಹುಟ್ಟಿದ್ದೂ ಬೆಳೆದದ್ದೂ ವಾಸನೆಗಳ ನಡುವೆಯೇ. ಕಾಲುವೆಗೆ ಹೊಸ ನೀರು ಬಿಟ್ಟಾಗ ಒಂದು ವಾಸನೆ, ನಾಟಿಗೆ ಮುಂಚೆ ಒಟ್ಟಲು ಪಾತಿಯಲ್ಲಿ ಪೈರು ಎದ್ದಾಗ ಒಂದು, ಬಡಿದ ಹುಲ್ಲನ್ನು ಮೆದೆ ಹಾಕಿದ ದಿನ ಇನ್ನೊಂದು. ಅಪ್ಪ ಅಂಗೈಯಲ್ಲಿ ನಾಲ್ಕು ಕಾಳು ಅಕ್ಕಿ ಹಾಕಿಕೊಂಡು, ಅದರ ಮೇಲೆ ಬಿಸಿಯುಸಿರು ಬಿಟ್ಟು, ಮೂಸಿ, ಯಾವ ಗದ್ದೆಯದೆಂದು ಹೇಳುತ್ತಿದ್ದರು. ಅವರಿಂದ ನನಗೆ ಬಂದ ಆಸ್ತಿ ಅದೊಂದೇ. ಅಪ್ಪನ ಹೆಮ್ಮೆಯ ಭತ್ತ ರಾಜಮುಡಿ. ಅದನ್ನು ಬೆಳೆಯದವರ ಬಗ್ಗೆ ಅವರಿಗೆ ಕರುಣೆ. ಭತ್ತವನ್ನೇ ಬೆಳೆಯದೆ ಹೊಗೆಸೊಪ್ಪು ಬೆಳೆಯುವವರ ಬಗ್ಗೆ ಕರುಣೆಯೂ ಇರಲಿಲ್ಲ. ಅಂಥ ಅಪ್ಪ ನನ್ನನ್ನು ಕೊಟ್ಟದ್ದು ಹುಣಸೂರಿನಿಂದ ಪಿರಿಯಾಪಟ್ಟಣದ ದಾರಿಯಲ್ಲಿ ಬಸ್ಸಿಳಿದು ಎರಡು ಮೈಲಿ ಒಳಗೆ ನಡೆಯಬೇಕಾದ ಊರಿನ ಒಂದು ಹೊಗೆಸೊಪ್ಪಿನ ಮನೆಗೆ. ಮನೆತನ ಒಳ್ಳೆಯದು, ಹುಡುಗ ಮೆಟ್ರಿಕ್ ಪಾಸು ಎಂದು ಅವ್ವ ಹಟ ಹಿಡಿದು ಗೆದ್ದಿದ್ದಳು. ಅಪ್ಪ ಒಪ್ಪಿದರೂ, “ನೋಡ್ತಿರು, ಕೂಸಿನ ಸೀರೆ ಗಂಟಿಂದ ಇಡ್ದು ಮಾಡೋ ಪಾಯ್ಸದವರ್ಗೂ ಒಗೆಸೊಪ್ಪೇ ಗಮ್ ಅಂತದೆ” ಎಂದು ಮದುವೆಯ ಚಪ್ಪರದಡಿಯಲ್ಲೂ ಗೊಣಗಿದರು. ಹೀಗೆ ಗೊಣಗುವಾಗ ಅವರ ದವಡೆಯಲ್ಲಿ ಎಲೆಅಡಿಕೆಯ ಜೊತೆ ಇದ್ದದ್ದೂ ಹೊಗೆಸೊಪ್ಪೇ. ತಿನ್ನುವವರಿಗೆ ಬೆಳೆಯುವವರ ಮೇಲೆ ಅದೇಕೆ ಅಷ್ಟು ತಾತ್ಸಾರವೋ.

ಗಂಡನ ಮನೆಯ ಹೊಸ್ತಿಲಲ್ಲಿ ಬಲಗಾಲಿಡುವ ಮೊದಲು ನಾನು ಏಳು ಸಲ ಸೀನಿದೆ. ಆರತಿ ಹಿಡಿದವರು ತಟ್ಟೆ ಹಿಡಿದೇ ನಿಂತರು. ಒಂದು ಸೀನು ಅಪಶಕುನ, ಎರಡಾದರೆ ಪರವಾಗಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಏಳಕ್ಕೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಅಂತೂ ಒಳಗೆ ಕರೆದುಕೊಂಡರು. ಅಟ್ಟದ ತುಂಬ ಹೊಗೆಸೊಪ್ಪಿನ ಕಟ್ಟುಗಳು, ಸೂರಿನಡಿಯಲ್ಲಿ ತೋರಣದ ಹಾಗೆ ಪೋಣಿಸಿ ಇಳಿಬಿಟ್ಟ ಎಲೆಗಳು. ಹಾಸಿಗೆಯಲ್ಲಿ, ಬಾಗಿಲ ಮರದಲ್ಲಿ, ಪಂಚಾಂಗದ ಹಾಳೆಯಲ್ಲಿ ಕೂಡ ಅದೇ ಘಾಟು. ತಮಾಷೆಯೆಂದರೆ ಆ ಮನೆಯವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ನದಿಯೊಳಗಿನ ಮೀನಿಗೆ ಒದ್ದೆಯಾಗಿದ್ದೀಯ ಎಂದು ಹೇಳಿದರೆ ಹೇಗೋ, ಇಲ್ಲಿ ಹೊಗೆಸೊಪ್ಪಿನ ವಾಸನೆ ಇದೆ ಎಂದರೆ ಇವರಿಗೆ ಹಾಗೆ.

ಮನೆಯಲ್ಲಿ ಇದ್ದದ್ದು ನಾಲ್ಕು ಜನ. ಮಾವ ಪುಟ್ಟಬಸಪ್ಪನವರಿಗೆ ತಮ್ಮ ಎಲೆಯ ಹೆಮ್ಮೆ. ಅತ್ತೆ ಗುರುಸಿದ್ದಮ್ಮನವರಿಗೆ ತಮ್ಮ ಪಾಯಸದ ಹೆಮ್ಮೆ. ನನಗೆ ನನ್ನ ಮೂಗಿನದು. ನಮ್ಮ ಯಜಮಾನರಿಗೆ ಯಾವುದರ ಹೆಮ್ಮೆಯೂ ಇರಲಿಲ್ಲ, ಮತ್ತು ಅದರ ಬಗ್ಗೆ ಅವರಿಗೆ ಬಹಳ ಹೆಮ್ಮೆಯಿತ್ತು.

ಅತ್ತೆಯ ಪಾಯಸದ ಹೆಮ್ಮೆಗೆ ಆಧಾರವಿತ್ತು. ನಮ್ಮಲ್ಲಿ ಲಿಂಗಕ್ಕೆ ಅರ್ಪಿಸುವ ಮೊದಲು ಅಡುಗೆಯನ್ನು ನಾಲಿಗೆಗೆ ತಾಕಿಸುವಂತಿಲ್ಲ. ಸಿಹಿ ಸಾಕೇ, ಅಕ್ಕಿ ಬೆಂದಿದೆಯೇ, ಅಡಿ ಹಿಡಿಯಿತೇ, ಎಲ್ಲವನ್ನೂ ನೋಡಿ, ಮೂಸಿ, ಸೌಟಿನಿಂದ ಬೀಳುವ ಸದ್ದು ಕೇಳಿಯೇ ತಿಳಿಯಬೇಕು. ಅತ್ತೆ ಮೂವತ್ತು ವರ್ಷ ಹೀಗೆಯೇ ಪಾಯಸ ಮಾಡಿ ಒಂದು ಸಲವೂ ಸಿಹಿ ಹೆಚ್ಚುಕಮ್ಮಿ ಮಾಡಿರಲಿಲ್ಲ. ಸುತ್ತಲ ಹಳ್ಳಿಯವರು ಮದುವೆಗೆ ಕರೆಯುವಾಗ, “ಅವ್ವಾ, ನೀವು ಬಂದು ಪಾಯ್ಸದ ತಪ್ಪಲೆ ಮುಂದೆ ನಿಂತ್ಕಂಡ್ರೆ ಸಾಕು” ಎಂದೇ ಕರೆಯುತ್ತಿದ್ದರು.

ನಾನು ಆ ಮನೆಗೆ ಹೋಗಿ ಏಳು ತಿಂಗಳಿಗೆ ಸಂಕ್ರಾಂತಿ ಬಂತು. ಹದಿನೈದು ದಿನ ಮೊದಲೇ ಅಪ್ಪ ಅರ್ಧ ಮೂಟೆ ಹೊಸ ರಾಜಮುಡಿ ಅಕ್ಕಿ ಕಳಿಸಿದರು. ಗಾಡಿಯವನ ಬಾಯಲ್ಲಿ ಮಾತೂ ಕಳಿಸಿದ್ದರು: “ಹಬ್ಬದ ದಿನ ನಾನೇ ಬತ್ತೀನಿ. ಪಾಯ್ಸ ಈ ಅಕ್ಕೀಲೇ ಆಗ್ಲಿ. ಅಕ್ಕಿ ಪಾಯ್ಸ ಅಂದ್ರೇನು ಅಂತ ಬೀಗ್ರೂ ಒಂದ್ಸಲ ನೋಡ್ಲಿ.” ಮಾತಿನ ಮೊನೆ ಅತ್ತೆಗೆ ತಾಕಿತು. “ನೋಡ್ಲಿ ಬುಡಿ, ನಾವೂ ತೋರುಸ್ತೀವಿ” ಎಂದರು. ಮಾವನವರು ಮಾತ್ರ ಬೀಗರ ಕಾಣಿಕೆಯನ್ನು ಬಹಳ ಮರ್ಯಾದೆಯಿಂದ ಬರಮಾಡಿಕೊಂಡರು. ಇಲಿ ಮುಟ್ಟದ, ತೇವ ತಾಕದ, ಮನೆಯಲ್ಲೇ ಅತಿ ಶ್ರೇಷ್ಠವಾದ ಜಾಗದಲ್ಲಿ ಮೂಟೆಯನ್ನು ಇಡಿಸಿದರು. ಆ ಜಾಗ ಅಟ್ಟ.

ಹಬ್ಬದ ಬೆಳಿಗ್ಗೆ ದನಗಳ ಮೈ ತೊಳೆದು ಕೊಂಬಿಗೆ ಬಣ್ಣ ಬಳಿಯುವ ಗಲಾಟೆ ಹಿತ್ತಿಲಲ್ಲಿ ನಡೆದಿತ್ತು. ಅತ್ತೆ ಒಲೆಯ ಮೇಲೆ ಹಾಲು ಇಟ್ಟು ಕಾಯಿಸುತ್ತಿದ್ದರು. ಯಜಮಾನರು ಅಟ್ಟದಿಂದ ಎರಡು ಸೇರು ಅಕ್ಕಿ ತಂದುಕೊಟ್ಟರು. ನಾನು ತೊಳೆಯಲು ನೀರು ಹಾಕಿದೆ, ಅಷ್ಟೆ. ನೀರಿನ ಜೊತೆಗೆ ವಾಸನೆ ಎದ್ದು ಬಂತು. ಅಕ್ಕಿಯ ವಾಸನೆಯಲ್ಲ; ಅಪ್ಪನ ಎಲೆಅಡಿಕೆ ಚೀಲದ ವಾಸನೆ. ಮತ್ತೆ ಮೂಸಿದೆ. ಸಂದೇಹವೇ ಇಲ್ಲ. ಇನ್ನೊಂದು ನೀರು ಹಾಕಿದೆ, ಮತ್ತೊಂದು ಹಾಕಿದೆ. ಐದು ನೀರಾದರೂ ಘಾಟು ಹೋಗಲಿಲ್ಲ. ಬೆಲ್ಲ ಬೆರೆತರೂ ಇದು ಅಡಗುವುದಿಲ್ಲ, ಬಿಸಿಗೆ ಇನ್ನೂ ಏಳುತ್ತದೆ ಎಂದು ನನಗೆ ಗೊತ್ತಿತ್ತು.

ಈಗ ನನ್ನ ಸ್ಥಿತಿ ನೋಡಿ. ಹೇಳದಿದ್ದರೆ ಮಧ್ಯಾಹ್ನ ಅಪ್ಪ ಪಾಯಸ ಬಾಯಿಗಿಟ್ಟು, ಚಪ್ಪರದಡಿಯಲ್ಲಿ ಹೇಳಿದ ಮಾತು ನಿಜವಾಯಿತೆಂದು ಕುಳಿತಲ್ಲೇ ಸಾರುತ್ತಾರೆ. ಅತ್ತೆಯ ಮೂವತ್ತು ವರ್ಷದ ಹೆಸರು ಒಂದು ತುತ್ತಿಗೆ ಹೋಗುತ್ತದೆ. ಹೇಳಿದರೆ, ಏಳು ತಿಂಗಳ ಸೊಸೆ ಹಬ್ಬದ ದಿನ ಮನೆಗೆ ನಾತ ಹಿಡಿದಿದೆ ಎಂದಳು ಎಂದಾಗುತ್ತದೆ. ಎರಡರಲ್ಲಿ ಯಾವುದೇ ಆದರೂ ಅದು ಸಾಯುವವರೆಗೂ ನನ್ನ ಹಿಂದೆ ಬರುತ್ತದೆ. ನಾನು ಹೇಳಿದೆ.

“ಅತ್ತೆ, ಅಕ್ಕಿ ಹೊಗೆಸೊಪ್ಪಿನ ವಾಸನೆ ಬರ್ತಾ ಇದೆ.”

ಅತ್ತೆ ಅಕ್ಕಿಯ ಹತ್ತಿರ ಮೂಗು ತಂದು ಮೂಸಿದರು. “ಎಲ್ಲವ್ವ? ಏನೂ ಇಲ್ವಲ್ಲ.”

ಯಜಮಾನರನ್ನು ಕರೆದರು. ಅವರೂ ಮೂಸಿದರು. “ಅಕ್ಕಿ ವಾಸ್ನೆ ಬತ್ತದೆ” ಎಂದು ತೀರ್ಪು ಕೊಟ್ಟರು. ಮಾವನವರು ಬಂದು, ಕಣ್ಣು ಮುಚ್ಚಿ, ಎಲೆಯ ದರ್ಜೆ ನೋಡುವಾಗಿನ ಗಾಂಭೀರ್ಯದಿಂದ ದೀರ್ಘವಾಗಿ ಉಸಿರೆಳೆದುಕೊಂಡು, “ಬೋ ಪಸಂದಾದ ಅಕ್ಕಿ” ಎಂದರು. ಮೂರು ಮೂಗು ಒಂದು ಕಡೆ, ನನ್ನದೊಂದು ಒಂದು ಕಡೆ. ಉದ್ದದಲ್ಲಿ ನಾನು ಮೂವರಿಗೂ ಸರಿಸಮ ಇದ್ದೆನಾದರೂ ಎಣಿಕೆಯಲ್ಲಿ ಸೋತೆ.

“ನಿಮ್ಮಪ್ಪ ಕಳ್ಸಿರೋ ಅಕ್ಕೀಗೇ ಇಂಗಂದ್ರೆ ಎಂಗವ್ವ? ನಮ್ಮನೇದ್ನೆಲ್ಲ ಮೂಗು ಮುಚ್ಕಂಡೇ ಉಣ್ತಿದ್ದೀಯೇನೋ” ಎಂದರು ಅತ್ತೆ. ಬೈಗುಳವಲ್ಲ, ಅದಕ್ಕಿಂತ ಕಷ್ಟದ್ದು. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಗೆ ಎಂದುಕೊಳ್ಳಲಿ ಎಂದು ಒಲೆಯ ಕಡೆ ತಿರುಗಿದೆ.

ನನ್ನನ್ನು ಉಳಿಸಿದ್ದು ದನಗಳು. ಅಕ್ಕಿ ತೊಳೆದ ನೀರನ್ನು ಯಜಮಾನರು ಅಭ್ಯಾಸದಂತೆ ಕಲಗಚ್ಚಿನ ಬಾನಿಗೆ ಸುರಿದು ಹಸುವಿನ ಮುಂದೆ ಇಟ್ಟರು. ಮದುವೆಯಲ್ಲಿ ನನ್ನ ಜೊತೆ ತವರಿಂದ ಬಂದ ಹಸು ಅದು. ಮೂತಿ ಇಟ್ಟಿತು, ಫುಸ್ಸೆಂದು ಉಸಿರು ಬಿಟ್ಟಿತು, ಹಿಂದೆ ಸರಿಯಿತು.

“ಅತ್ತೆ, ನೋಡಿ” ಎಂದೆ.

“ಅದೂ ನಿಮ್ಮಪ್ಪನ ಮನೇದೇ ಅಲ್ವಾ? ನಿನ್ ಕಡೀಕೇ ಸಾಕ್ಸಿ ಏಳ್ತದೆ” ಎಂದರು ಅತ್ತೆ. ನ್ಯಾಯವಾದ ಆಕ್ಷೇಪಣೆ. ಹಾಗಾಗಿ ಬಾನಿಯನ್ನು ಎಮ್ಮೆಯ ಮುಂದೆ ಇಡಲಾಯಿತು. ಈ ಎಮ್ಮೆ ಅದೇ ಕೊಟ್ಟಿಗೆಯಲ್ಲಿ ಹುಟ್ಟಿ, ಅದೇ ಹೊಗೆಸೊಪ್ಪಿನ ಗಾಳಿಯಲ್ಲಿ ಬೆಳೆದದ್ದು. ಆಹಾರದ ವಿಷಯದಲ್ಲಿ ಯಾವ ಪಕ್ಷಪಾತವೂ ಇಲ್ಲದೆ ಹಿಂದಿನ ವರ್ಷ ಮಾವನವರ ಮಡಿ ಪಂಚೆಯನ್ನು ಅರ್ಧ ತಿಂದಿತ್ತು. ಎಲ್ಲರೂ ಸುತ್ತ ನಿಂತೆವು. ಎಮ್ಮೆ ಮೂತಿ ಅದ್ದಿತು. ತಲೆ ಎತ್ತಿ ನಮ್ಮನ್ನೆಲ್ಲ ಒಮ್ಮೆ ನೋಡಿತು. ಆಮೇಲೆ ಹಿಂಭಾಗ ನಮ್ಮ ಕಡೆ ತಿರುಗಿಸಿ ನಿಂತಿತು.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಮೂಟೆ ಕೆಳೀಕ್ ಇಳ್ಸಿ” ಎಂದರು.

ಯಜಮಾನರು ಮೂಟೆ ಇಳಿಸಿ ಬಾಯಿ ಬಿಚ್ಚಿದರು. ಅತ್ತೆ ಮೊಣಕೈವರೆಗೂ ಕೈ ಇಳಿಸಿ ತಡಕಿ ಹೊರಗೆಳೆದರು. ಕೈಯಲ್ಲಿ ಬಂದದ್ದು ಮೊಳದುದ್ದದ, ಹೊನ್ನಿನ ಬಣ್ಣದ, ಒಂದು ತೂತೂ ಇಲ್ಲದ ಹೊಗೆಸೊಪ್ಪಿನ ಎಲೆ. ಮತ್ತೆ ಕೈ ಹಾಕಿದರು, ಇನ್ನೊಂದು. ಒಟ್ಟು ಐದು.

“ಯಾರು ಮಡಗಿದ್ದು?” ಅತ್ತೆಯ ದನಿ ತಣ್ಣಗಿತ್ತು.

“ನಾನೇ” ಎಂದರು ಮಾವನವರು, ನೆಟ್ಟಗೆ ನಿಂತು. “ಬೀಗ್ರ ಅಕ್ಕಿ, ಉಳ ಬೀಳ್ಬಾರ್ದು ಅಂತ ಮಡಗ್ದೆ. ಸುಮ್ನೆ ಎಲೆ ಅಂದ್ಕಂಡ್ಯಾ? ಈ ವರ್ಸದ ಮೊದ್ಲನೇ ದರ್ಜೆ ಎಲೆ ಕಣೆ. ವ್ಯಾಪಾರ್ದವ್ರು ಕೇಳುದ್ರೂ ಕೊಟ್ಟಿರ್ನಿಲ್ಲ.”

“ಬೀಗ್ರ ಅಕ್ಕಿಗೆ ಒಗೆಸೊಪ್ಪು ಮಡಗುದ್ರಾ? ನಿಮ್ ಬುದ್ಧೀನೂ ಅಟ್ಟದ್ ಮ್ಯಾಲೇ ಮಡಗಿದ್ರಾ?”

ಮಾವನವರಿಗೆ ನಿಜಕ್ಕೂ ನೋವಾಯಿತು. ಅವರ ಲೆಕ್ಕದಲ್ಲಿ ಅದು ಬೀಗರ ಅಕ್ಕಿಗೆ ಹೊದಿಸಿದ ಶಾಲು.

ಹಾಲು ಉಕ್ಕಲು ಬಂದಿತ್ತು. ಅಪ್ಪನ ಬಸ್ಸು ಹುಣಸೂರು ಬಿಟ್ಟಿರುವ ಹೊತ್ತು. ಅಕ್ಕಿಯಿಲ್ಲದೆ ಅಕ್ಕಿ ಪಾಯಸ ಮಾಡುವ ವಿದ್ಯೆ ಅತ್ತೆಗೂ ಗೊತ್ತಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ, ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿದ, ಅಟ್ಟದ ಘಾಟು ಹೊಗದ ಒಂದು ಮಡಕೆಯಿತ್ತು. ಅದರಲ್ಲಿ ಊರ ಕೆರೆಯ ಕೆಳಗೆ ನಮಗಿದ್ದ ಹತ್ತು ಗುಂಟೆ ಗದ್ದೆಯ ಅಕ್ಕಿ: ಕೆಂಬತ್ತ, ದಪ್ಪ ಕಾಳು, ಮನೆಯಲ್ಲೇ ಕುಟ್ಟಿದ್ದು. ಅದನ್ನು ರೊಟ್ಟಿಗೆ ಬಿಟ್ಟು ಬೇರೆ ಯಾತಕ್ಕೂ ಬಳಸುತ್ತಿರಲಿಲ್ಲ. ಬೀಗರ ಮುಂದೆ ಇಡುವ ಅಕ್ಕಿ ಅಲ್ಲವೇ ಅಲ್ಲ. ಅತ್ತೆ ಆ ಮಡಕೆಯನ್ನು ನೋಡಿದರು, ನನ್ನನ್ನು ನೋಡಿದರು.

“ತಗಿ” ಎಂದರು. “ನಿಮ್ಮಪ್ಪ ಕೇಳುದ್ರೆ ಬಾಯಿ ಬುಡ್ಬೇಡ.”

ಆಮೇಲಿನ ಎರಡು ಗಂಟೆಗಳಲ್ಲಿ ನಾನು ಕಲಿತದ್ದನ್ನು ಯಾವ ಪುಸ್ತಕದಲ್ಲೂ ನೋಡಿಲ್ಲ. ಕೆಂಪಕ್ಕಿ ಹಟಮಾರಿ, ಸುಮ್ಮನೆ ಹಾಲಿಗೆ ಹಾಕಿದರೆ ಸಂಜೆಯಾದರೂ ಬೇಯದು. ಅತ್ತೆ ಅದನ್ನು ತುಪ್ಪದಲ್ಲಿ ಕಾಳು ಬಿಸಿಯಾಗುವಷ್ಟು ಹುರಿದರು. ನಾನು ಒರಳಲ್ಲಿ ಕುಟ್ಟಿ ಒಂದು ಕಾಳು ಎರಡಾಗುವಂತೆ ಒಡೆದೆ; ಒಡೆದ ಕಾಳಿಗೆ ಬೆಲ್ಲದ ಬಣ್ಣ ಬಂದರೆ, ತಾನೂ ತುಸು ಕೆಂಪಿರುವ ರಾಜಮುಡಿಗೂ ಇದಕ್ಕೂ ಕಣ್ಣಿಗೆ ವ್ಯತ್ಯಾಸ ತಿಳಿಯದು. ನೀರಿನಲ್ಲಿ ಬೇಯಿಸಿ, ಬೆರಳಲ್ಲಿ ಹಿಸುಕಿದರೆ ಕರಗುವ ಹದಕ್ಕೆ ಬಂದ ಮೇಲೆ ಹಾಲನ್ನು ಸೌಟು ಸೌಟಾಗಿ ಕುಡಿಸಿದರು. ಕುಡಿಸಿದರು ಎಂಬುದೇ ಸರಿ; ಮುಂದಿನ ಸೌಟು ಬೀಳುವ ಮೊದಲು ಹಿಂದಿನದು ಇಂಗಬೇಕು. ಕಟ್ಟೆಮಳಲವಾಡಿ ಕಡೆಯಿಂದ ತಂದ ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಕಲ್ಲುಮಣ್ಣು ಹೋಗಲು ಬಟ್ಟೆಯಲ್ಲಿ ಸೋಸಿದೆವು. ಪಾಯಸವನ್ನು ಒಲೆಯಿಂದ ಇಳಿಸಿ, ಕುದಿ ಅಡಗಿದ ಮೇಲೆಯೇ ಅದನ್ನು ಬೆರೆಸಬೇಕು. ಅವಸರಪಟ್ಟರೆ ಹಾಲು ಒಡೆಯುತ್ತದೆ. ಅವಸರಪಡಲು ಅಂದು ನಮಗೆ ಎಲ್ಲ ಕಾರಣಗಳೂ ಇದ್ದವು. ಹೊರಗೆ ಜಗಲಿಯಲ್ಲಿ ಅಪ್ಪನ ದನಿ ಕೇಳಿಸುತ್ತಿತ್ತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಪಾಯಸದ ಕುದಿ ಅಡಗುವುದನ್ನೇ ನೋಡುತ್ತಾ ನಿಂತರು. ಅಂಥ ನಿಲುವನ್ನು ನಾನು ಆಮೇಲೆ ಯಾವ ಸೇನಾಪತಿಯ ಚಿತ್ರದಲ್ಲೂ ಕಂಡಿಲ್ಲ.

ಬೆಲ್ಲ ಸುರಿಯುವಾಗ ಅರ್ಧದಲ್ಲಿ ಅವರ ಕೈ ನಿಂತಿತು. ಈ ಅಕ್ಕಿಗೆ ಎಷ್ಟು ಸಿಹಿ ಹಿಡಿಯುತ್ತದೋ ಅವರಿಗೆ ಅಂದಾಜಿರಲಿಲ್ಲ, ರುಚಿ ನೋಡುವಂತಿಲ್ಲ. ಆಗ ಆ ಮನೆಯಲ್ಲಿ ಅದುವರೆಗೂ ನಡೆಯದೇ ಇದ್ದದ್ದು ನಡೆಯಿತು. ಅತ್ತೆ ಪಕ್ಕಕ್ಕೆ ಸರಿದರು.

“ಬಾ ಇಲ್ಲಿ. ನಿನ್ ಮೂಗ್ಗೆ ಏನನ್ನುಸ್ತದೆ ನೋಡು.”

ನಾನು ಬಗ್ಗಿದೆ. ಹಾಲಿನ ವಾಸನೆ ಇನ್ನೂ ಮೇಲಿತ್ತು, ಬೆಲ್ಲದ್ದು ಕೆಳಗಿತ್ತು. “ಇನ್ನೊಂದು ಸ್ವಲ್ಪ” ಎಂದೆ. ಹಾಕಿದರು. “ಇನ್ನೊಂದು ಚೂರು.” ಹಾಕಿದರು. ಎರಡು ವಾಸನೆಯೂ ಬೆರೆತು ಬೇರೆಯೇ ಒಂದು ವಾಸನೆಯಾಯಿತು. “ಸಾಕು” ಎಂದೆ. ಅತ್ತೆ ಬೆಲ್ಲದ ಪಾತ್ರೆ ಪಕ್ಕಕ್ಕಿಟ್ಟುಬಿಟ್ಟರು. ಮರುಪ್ರಶ್ನೆಯಿಲ್ಲ. ನನಗೆ ಆಮೇಲೆ ಜೀವನದಲ್ಲಿ ಕೆಲವು ಸನ್ಮಾನದ ಹಾರಗಳೂ ಬಿದ್ದಿವೆ. ಆ ‘ಬಾ ಇಲ್ಲಿ’ಯ ಮುಂದೆ ಅವು ಹೂವು, ಅಷ್ಟೆ.

ಅಪ್ಪ ಪೂಜೆ ಮುಗಿಸಿ ಮಾವನವರ ಪಕ್ಕದಲ್ಲಿ ಊಟಕ್ಕೆ ಕುಳಿತರು. ಬಾಳೆಲೆಯ ತುದಿಗೆ ಅತ್ತೆ ಪಾಯಸ ಬಡಿಸಿದರು. ಅಪ್ಪ ಲಿಂಗಕ್ಕೆ ಅರ್ಪಿಸಿ ಬೆರಳಲ್ಲಿ ತೆಗೆದುಕೊಂಡರು. ಮೊದಲು ಮೂಸಿದರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಬಾಯಿಗಿಟ್ಟರು. ಇನ್ನೊಮ್ಮೆ ತೆಗೆದುಕೊಂಡರು. ಎಲೆಯ ಆ ಮೂಲೆಯನ್ನು ಪೂರ್ತಿ ಬಳಿದರು. ಆಮೇಲೆ ತಲೆ ಎತ್ತಿದರು.

“ನೋಡುದ್ರಾ ಬೀಗ್ರೇ? ಅಕ್ಕಿ ಅಂದ್ರೆ ಇದು. ಕಾಲುವೆ ನೀರು ಕುಡ್ದು ಬೆಳ್ದಿರೋದು. ಹಾಲು ಎಂಗೆ ಈರ್ಕಂಡದೆ ನೋಡಿ. ನಿಮ್ ಕಡೆ ಒಲದಲ್ಲಿ ತಲೆಕೆಳ್ಗಾಗಿ ನಿಂತ್ರೂ ಇಂಥ ಪಾಯ್ಸ ಆಯ್ತದಾ?”

ಮಾವನವರು ಅನ್ನ ಕಲಸುತ್ತಲೇ ಇದ್ದರು. ಯಜಮಾನರು ಉಪ್ಪಿನಕಾಯಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅತ್ತೆ ಸೌಟು ಹಿಡಿದು ನಿಂತಿದ್ದರು. ಅವರು ಒಂದು ಮಾತೂ ಆಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಾಯಿ ಬಿಟ್ಟರೆ ಗಂಡನ ಎಡವಟ್ಟು ಹೊರಬೀಳುತ್ತದೆ. ಬಿಡದಿದ್ದರೆ ತಮ್ಮ ಕೆರೆಯ, ತಮ್ಮ ಒರಳಿನ, ತಮ್ಮ ಕೈಯ ಪಾಯಸ ಕಣ್ಣೆದುರಿಗೇ ಕಾಲುವೆ ಬಯಲಿನ ಪಾಲಾಗುತ್ತದೆ.  ನನಗೆ ತಡೆಯಲಾಗಲಿಲ್ಲ.

“ಅಪ್ಪಾಜಿ, ಅದು ನೀವು ಕಳಿಸಿದ ಅಕ್ಕಿ ಅಲ್ಲ. ನಮ್ಮ ಕೆರೆ ಕೆಳಗಿನ ಕೆಂಬತ್ತ.”

“ಯಾವ್ದು?”

“ನಮ್ಮ ಮನೇದು. ರೊಟ್ಟಿಗೆ ಇಟ್ಟಿದ್ದು.”

ಅಪ್ಪ ಎಲೆಯನ್ನು ನೋಡಿದರು. ಅಲ್ಲಿ ಪುರಾವೆ ಏನೂ ಉಳಿದಿರಲಿಲ್ಲ. “ಮತ್ತೆ ನಾನು ಕಳ್ಸಿದ್ದು ಏನಾಯ್ತು?”

ಮಾವನವರು ಕೈ ತೊಳೆದು ಎದ್ದು ಹೋದರು. ಐದು ಎಲೆಗಳನ್ನೂ ತಂದು ಅಪ್ಪನ ಎದುರು ಸಾಲಾಗಿ ಇಟ್ಟರು. “ಬೀಗ್ರೇ, ನಿಮ್ಮಕ್ಕೀಗೆ ಉಳ ಬೀಳ್ದಂಗೆ ಇವ್ನ ಮಡಗಿದ್ದೆ. ನಿಮ್ ಮಗ್ಳು, ವಾಸ್ನೆ ಅಂದ್ಲು. ನಮ್ಗೆ ಯಾರ್ಗೂ ಗೊತ್ತಾಗ್ನಿಲ್ಲ. ಎಮ್ಮೆಗೆ ಗೊತ್ತಾಯ್ತು” ಎಂದರು. ಇದಕ್ಕಿಂತ ಘನತೆಯಿಂದ ತಪ್ಪೊಪ್ಪಿಕೊಂಡವರನ್ನು ನಾನು ಕಂಡಿಲ್ಲ.

 ಅಪ್ಪ ನನ್ನ ಮುಖವನ್ನು, ಮುಖ್ಯವಾಗಿ ಅದರ ಮಧ್ಯಭಾಗವನ್ನು, ಸ್ವಲ್ಪ ಹೊತ್ತು ನೋಡಿದರು. ಮೀಸೆಯಡಿಯಲ್ಲಿ ಏನೋ ಅಲುಗಿತು. ಆಮೇಲೆ ಅತ್ತೆಯ ಕಡೆ ತಿರುಗಿ, “ನೋಡ್ದೆ ಮಾತಾಡ್ಬುಟ್ಟೆ ಕಣ್ರವ್ವಾ. ಇನ್ನೊಂದು ಸೌಟು ಬುಡಿ” ಎಂದರು. ಒಂದಲ್ಲ, ಮೂರು ಸೌಟು ಉಂಡರು.

ಒಳಗೆ ಬಂದಾಗ ಅತ್ತೆ ಪಾತ್ರೆಯ ತಳ ಕೆರೆಯುತ್ತಿದ್ದರು. “ಬಾಯಿ ಬುಡ್ಬೇಡ ಅಂತ ಏಳಿರ್ನಿಲ್ವಾ?” ಎಂದರು.

“ತಡೀಲಿಕ್ಕೆ ಆಗಲಿಲ್ಲ ಅತ್ತೆ.”

“ಮೂಗು ಉದ್ದ, ನಾಲ್ಗೆ ಅದ್ಕಿಂತ ಉದ್ದ” ಎಂದು, ಕೆರೆದ ಗಸಿಯನ್ನೆಲ್ಲ ನನ್ನ ತಟ್ಟೆಗೆ ಹಾಕಿದರು. ಪಾಯಸದಲ್ಲಿ ಶ್ರೇಷ್ಠ ಭಾಗ ತಳದ ಗಸಿ. ಅದುವರೆಗೂ ಅದು ಯಜಮಾನರ ಪಾಲಾಗಿತ್ತು. ಅವರು ಹೊಸ್ತಿಲಲ್ಲಿ ನಿಂತು ನೋಡಿ ಸುಮ್ಮನೆ ಹಿಂದಿರುಗಿದರು.

ಜಗಲಿಯಲ್ಲಿ ಅಪ್ಪ ಎಲೆಅಡಿಕೆಗೆ ಆ ಐದರಲ್ಲಿ ಒಂದು ಎಲೆಯ ತುದಿ ಮುರಿದು ಹಾಕಿಕೊಂಡು, ಬಹಳ ಹೊತ್ತು ಅಗಿದು, ಇದಕ್ಕೆ ಹೆಸರಿಡುವ ಹಾಗಿಲ್ಲ ಎಂದು ಒಪ್ಪಿದರು. ಮಾವನವರ ಮುಖ ಅರಳಿತು. ಇಬ್ಬರೂ ಸಂಜೆಯವರೆಗೂ ಕೂತು ಬೀಜ, ಗೊಬ್ಬರ, ಕೆರೆ ನೀರು ಎಂದು ಮಾತಾಡಿದರು. ಆ ರಾಜಮುಡಿಯನ್ನು ನಾವು ಒಂಬತ್ತು ಬಿಸಿಲು ಒಣಗಿಸಿ ಮೂರು ತಿಂಗಳು ಉಂಡೆವು; ಮನೆಯವರೆಲ್ಲ ಚೆನ್ನಾಗಿದೆ ಎಂದರು, ನಾನು ರಾಗಿಮುದ್ದೆಯ ಕಡೆಯೇ ಹೆಚ್ಚು ಒಲವು ತೋರಿಸಿದೆ.

ಸಾಯಂಕಾಲದ ಬಸ್ಸಿಗೆ ಹೊರಟಾಗ ಅಪ್ಪ ಎರಡು ಕೊಳಗ ಕೆಂಬತ್ತದ ಬೀಜ ಕೇಳಿ ಕಟ್ಟಿಸಿಕೊಂಡು ಹೋದರು. ಮುಂಗಾರಿನಲ್ಲಿ ಅದನ್ನು ಕಾಲುವೆಯ ಪಕ್ಕದ ಮಡಿಯಲ್ಲಿ ನೆಡಿಸಿದರು. ಮರುವರ್ಷದ ಸಂಕ್ರಾಂತಿಗೆ ತವರಿನಲ್ಲಿ ಪಾಯಸ ಆದದ್ದು ಆ ಅಕ್ಕಿಯಲ್ಲಿ.